ಕುಗ್ಗಿದ ಕಂಬಳಿ ಹೊತ್ತು ರಾಯದುರ್ಗಕ್ಕೆ

ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದರೆ ಮೂರು ವಸ್ತುಗಳು ಸಿಗದೆ ಇರಲಾರವು: ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಕೀಲಿಕೈ ಕಳೆದ ಟ್ರಂಕು, ಮತ್ತೊಂದು ಕರಿಕಂಬಳಿ. ಭರಣಿ ಮತ್ತು ಟ್ರಂಕಿನ ವಿಚಾರ ಇನ್ನೊಮ್ಮೆ ಬರೆಯೋಣ. ಇಂದು ಕಂಬಳಿಯ ಸರದಿ.

ಈಗಿನ ಮಕ್ಕಳಿಗೆ ಕಂಬಳಿ ಎಂದರೆ ಚಳಿಗೆ ಹೊದೆಯುವ ಬಣ್ಣಬಣ್ಣದ ಹೊದಿಕೆ. ಮಲಯಾಳದವರು ಅದನ್ನೇ ‘ಕಂಬಿಳಿ’ ಎನ್ನುತ್ತಾರೆ. 1989ರ ‘ರಾಂಜಿರಾವ್ ಸ್ಪೀಕಿಂಗ್’ ಸಿನಿಮಾ ಬಂದಂದಿನಿಂದ ನಮ್ಮೂರಿನ ಕನ್ನಡದ ಮಕ್ಕಳೂ ಆ ಟೆಲಿಫೋನಿನ ‘ಕಂಬಿಳಿಪ್ಪುದಪ್ಪ್’ ಎಂಬ ಕೂಗನ್ನು ನೆನೆದು ನಗುತ್ತಾರೆ. ಆದರೆ ನಮ್ಮ ಹಿರಿಯರಿಗೆ ಕಂಬಳಿ ಚಳಿಗಿಂತ ಹೆಚ್ಚಾಗಿ ಮಳೆಗೆ ಬೇಕಾಗಿತ್ತು. ಪ್ಲಾಸ್ಟಿಕ್ ಕೋಟು ಬರುವ ಮೊದಲು ಗದ್ದೆಗೆ ಇಳಿಯುವವರಿಗೆ ಓಲೆಯ ಗೊರಬೆ ಇತ್ತು. ತೋಟದ ಕಾವಲಿಗೆ, ಗಾಡಿ ಹೊಡೆಯುವುದಕ್ಕೆ, ರಾತ್ರಿ ಆಟ ನೋಡಿ ಬರುವುದಕ್ಕೆ ಒಂದು ಮೂಲೆ ಮಡಚಿ ತಲೆಗೆ ಕೊಪ್ಪೆಯಾಗಿ ಹಾಕಿಕೊಳ್ಳುವ ಕಂಬಳಿ ಇತ್ತು.

ಬೇಸಗೆಯಲ್ಲಿ ಘಟ್ಟದ ಮೇಲಿನವರು ಅವನ್ನು ಹೆಗಲಿಗೆ ಹೊತ್ತು ಮನೆ ಮನೆಗೆ ತರುತ್ತಿದ್ದರೆಂದು ನಮ್ಮ ಅಮ್ಮ ಹೇಳುತ್ತಾರೆ. ಅಂಥ ಒಬ್ಬರಿಂದ ಅಜ್ಜ ಕೊಂಡ ಕಂಬಳಿಯೊಂದು ನಮ್ಮ ಮನೆಯಲ್ಲಿತ್ತು. ‘ಯಾವ ಊರಿನವರಪ್ಪಾ?’ ಎಂದು ಅಜ್ಜ ಕೇಳಿದರಂತೆ. ‘ರಾಯದುರ್ಗದ ಕಡೆಯವರು’ ಎಂದು ಉತ್ತರ ಬಂದಿತಂತೆ. ನಮ್ಮ ಮನೆಯಲ್ಲಿ ಆ ಊರಿನ ಹೆಸರು ಉಳಿದದ್ದು ಹೀಗೆ.

ಹೆಸರು ಉಳಿಯಿತು, ಕಂಬಳಿ ಉಳಿಯಲಿಲ್ಲ. ತಪ್ಪು ನಮ್ಮದೇ. ಎರಡು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ಅಟ್ಟ ಗುಡಿಸುವಾಗ ಅದು ಕೈಗೆ ಸಿಕ್ಕಿತು. ಬೂಷ್ಟು ಹಿಡಿದು ಬಿಳಿ ಬಿಳಿಯಾಗಿತ್ತು. ಅಮ್ಮನಿಗೆ ಹೇಳದೆ, ಚೊಕ್ಕ ಮಾಡಿ ಕೊಟ್ಟು ಆಶ್ಚರ್ಯಪಡಿಸೋಣವೆಂದು, ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿ, ಬಿಸಿನೀರು ಬಿಟ್ಟು, ಸಾಬೂನು ಪುಡಿ ಸುರಿದೆವು. ಆಶ್ಚರ್ಯ ಆದದ್ದು ನಮಗೆ. ಆರಡಿ ಉದ್ದದ ಕಂಬಳಿ ನಾಲ್ಕೂವರೆ ಅಡಿಯಾಗಿ ಹೊರಗೆ ಬಂತು. ಹಲಗೆಯ ಹಾಗೆ ದಪ್ಪ. ನೂಲಿನ ಎಳೆ ಎಲ್ಲಿ ಹೋಯಿತೆಂದು ಹುಡುಕಿದರೂ ಕಾಣಿಸದು. ಎಳೆದೆವು, ಇಸ್ತ್ರಿ ಹಾಕಿದೆವು, ಅಂಗಳದಲ್ಲಿ ಕಲ್ಲು ಹೇರಿ ಒಣಗಿಸಿದೆವು. ಒಂದು ಅಂಗುಲವೂ ಹಿಂದೆ ಬರಲಿಲ್ಲ. ಅಮ್ಮ ಬೈಯಲಿಲ್ಲ. ಮಡಚಲು ನೋಡಿದರು, ಅದು ಮಡಚಿಕೊಳ್ಳಲಿಲ್ಲ. ಹಾಗೆಯೇ ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ಬೈದಿದ್ದರೆ ಸುಲಭವಿತ್ತು.

ಹೀಗಾದದ್ದು ಏಕೆ?

ಉಣ್ಣೆಯ ಎಳೆ ಹತ್ತಿಯ ಎಳೆಯಂತಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಹಂಚು ಹೊದೆಸಿದ ಮಾಡಿನಂತೆ ಒಂದರ ಮೇಲೊಂದು ಪೊರೆಗಳಿರುತ್ತವೆ. ಹಂಚುಗಳ ಬಾಯಿ ಎಲ್ಲವೂ ಒಂದೇ ಕಡೆಗೆ, ಎಳೆಯ ತುದಿಯ ಕಡೆಗೆ. ನೀರು ಮತ್ತು ಬಿಸಿ ತಗಲಿದಾಗ ಪೊರೆಗಳು ಅರಳುತ್ತವೆ. ಸಾಬೂನು ಜಾರಿಕೆ ಕೊಡುತ್ತದೆ. ಆಚೀಚೆ ಉಜ್ಜಿದಾಗ ಎಳೆಗಳು ಮುಂದಕ್ಕೆ ಸರಿಯುತ್ತವೆಯೇ ಹೊರತು ಹಂಚಿನ ಬಾಯಿ ಸಿಕ್ಕಿಹಾಕಿಕೊಳ್ಳುವುದರಿಂದ ಹಿಂದಕ್ಕೆ ಬರಲಾರವು. ಹೀಗೆ ಒಂದರೊಳಗೊಂದು ಹೊಕ್ಕು ಬಿಡಿಸಲಾರದ ಮುದ್ದೆಯಾಗುತ್ತವೆ. ಬೇಕೆಂದೇ ಇದನ್ನು ಮಾಡಿದರೆ ಅದಕ್ಕೆ ಫೆಲ್ಟ್ ಎಂದು ಹೆಸರು. ಬೇಡದೆ ಆದರೆ ನಮ್ಮ ಮನೆಯಲ್ಲಿ ಆದಂತೆ.

ನೇಯ್ಗೆ, ನೂಲು, ಮಗ್ಗ ಯಾವುದೂ ಬೇಡದ ಈ ಬಟ್ಟೆ ಬಹಳ ಪ್ರಾಚೀನವಾದದ್ದು. ಸೈಬೀರಿಯಾದ ಅಲ್ತಾಯ್ ಪರ್ವತದಲ್ಲಿ ಹಿಮದಡಿಯ ಗೋರಿಗಳಿಂದ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ, ಚಿತ್ರ ಕತ್ತರಿಸಿ ಹೊಲಿದ ಫೆಲ್ಟಿನ ಹಾಸುಗಳು ಸಿಕ್ಕಿವೆ. ಮಧ್ಯ ಏಷ್ಯದ ಅಲೆಮಾರಿಗಳ ಗುಡಾರಗಳೇ ಇದರವು. ಕಾಶ್ಮೀರದಲ್ಲಿಯೂ ರಾಜಸ್ಥಾನದ ಟೋಂಕಿನಲ್ಲಿಯೂ ಇದನ್ನು ‘ನಮ್ದಾ’ ಎನ್ನುತ್ತಾರೆ. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಪದರ ಪದರವಾಗಿ ಹರಡಿ, ಸಾಬೂನುನೀರು ಚಿಮುಕಿಸಿ, ಚಾಪೆಯೊಡನೆ ಸುರುಳಿ ಸುತ್ತಿ, ಕಾಲಿನಿಂದ ಹೊರಳಿಸಿ ತುಳಿಯುತ್ತಾರೆ. ನಮ್ಮ ದಕ್ಷಿಣದ ಕರಿಕಂಬಳಿ ಇವೆರಡರ ನಡುವಿನದು. ಮಗ್ಗದಲ್ಲಿ ನೇಯ್ದದ್ದು ನಿಜ. ಆದರೆ ಮಗ್ಗದಿಂದ ಇಳಿದ ಮೇಲೆಯೇ ಅದರ ಅರ್ಧ ಕೆಲಸ. ನೀರು, ತುಳಿತ, ಹುಣಸೆಬೀಜದ ಸರಿ ಇವು ಸೇರಿ ಎಳೆಗಳನ್ನು ಒಂದಕ್ಕೊಂದು ಕಚ್ಚಿಸಿದಾಗಲೇ ಅದು ಮಳೆ ತಡೆಯುವ ಕಂಬಳಿಯಾಗುವುದು. ಇಷ್ಟನ್ನು ಪುಸ್ತಕದಿಂದ ತಿಳಿದುಕೊಂಡೆವು. ಆದರೆ ಕೆಟ್ಟ ಕಂಬಳಿಗೆ ಪುಸ್ತಕದಲ್ಲಿ ಪರಿಹಾರವಿರಲಿಲ್ಲ. ಮಾಡಿದವರನ್ನೇ ಕೇಳೋಣವೆಂದು, ಮಡಚಲು ಬಾರದ ಆ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಳೆದ ಮಾಗಿಯಲ್ಲಿ ರಾಯದುರ್ಗಕ್ಕೆ ಹೊರಟೆವು.

ಮಂಗಳೂರು, ಹಾಸನ, ಅರಸೀಕೆರೆ, ಚಿಕ್ಕಜಾಜೂರು. ಅಲ್ಲಿಂದ ಚಿತ್ರದುರ್ಗ, ಮೊಳಕಾಲ್ಮೂರು ದಾಟಿದರೆ ರೈಲು ಯಾವಾಗ ಆಂಧ್ರಕ್ಕೆ ಹೊಕ್ಕಿತೆಂದು ತಿಳಿಯುವುದೇ ಇಲ್ಲ. ಬಂಡೆ, ಜಾಲಿ, ಒಣಗಿದ ಶೇಂಗಾ ಹೊಲ ಆಚೆಯೂ ಅದೇ, ಈಚೆಯೂ ಅದೇ. ನಿಲ್ದಾಣದ ಫಲಕದ ಅಕ್ಷರ ಮಾತ್ರ ಬೇರೆ.

ರಾಯದುರ್ಗದ ಕಥೆ ನಮ್ಮ ಕಥೆಗೆ ದೂರದ್ದಲ್ಲ. ಆ ತಾಲೂಕು 1953ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಎರಡೂ ಮದರಾಸಿಗೆ ಕಂದಾಯ ಕಟ್ಟುತ್ತಿದ್ದವು. 1953ರ ಅಕ್ಟೋಬರ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ಮೂರು ತಾಲೂಕುಗಳು ಅತ್ತ ಹೋದವು. ಮೂರು ವರ್ಷ ಕಳೆದು 1956ರ ನವೆಂಬರ 1ರಂದು ನಮ್ಮ ಸರದಿ ಬಂತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿಯೇ ಇದ್ದು, ಮೈಸೂರು ಸೀಮೆಯೊಳಗೆ ನಾಲಗೆಯಂತೆ ಚಾಚಿಕೊಂಡಿತ್ತು. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಒಡೆದಾಗ ಅದು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿದಿದೆ. ಇಷ್ಟು ಸಲ ಹೆಸರು ಬದಲಿಸಿಕೊಂಡ ಊರುಗಳಲ್ಲಿ ಕುರಿ ಕಾಯುವವರು ಕುರಿಯನ್ನು ಇಂದಿಗೂ ಕನ್ನಡದಲ್ಲಿಯೇ ಕರೆಯುತ್ತಾರೆ.

ಕೋಟೆಯ ಬೆಟ್ಟದ ಅಡಿಯ ಪೇಟೆಯಲ್ಲಿ ಕಂಬಳಿ ಕೇಳಿದರೆ ಮೊದಲ ಮೂರು ಅಂಗಡಿಯವರು ಪಾಣಿಪತ್ತಿನ ಬಣ್ಣದ ಹೊದಿಕೆ ತೋರಿಸಿದರು. ಈ ಊರಿಗೆ ಈಗ ಹೆಸರಿರುವುದು ಪ್ಯಾಂಟು ಹೊಲಿಯುವುದಕ್ಕೆ. ಬಳ್ಳಾರಿಯಂತೆಯೇ ಇಲ್ಲಿಯೂ ಸಿದ್ಧ ಉಡುಪಿನ ಕೆಲಸ ಮನೆ ಮನೆಯಲ್ಲಿದೆ. ಹೊಲಿಗೆ ಯಂತ್ರದ ಸದ್ದು ಓಣಿಯುದ್ದಕ್ಕೂ ಕೇಳುತ್ತದೆ. ಕೊನೆಗೆ ಒಬ್ಬ ದರ್ಜಿ, ‘ಗೊಂಗಡಿನಾ? ಕರಿ ಕಂಬ್ಳಿನಾ?’ ಎಂದು ತೆಲುಗಿನ ಮಾತನ್ನೂ ಕನ್ನಡದ ಮಾತನ್ನೂ ಒಟ್ಟಿಗೆ ಕೇಳಿ, ಊರಾಚೆಯ ಹಳ್ಳಿಗೆ ದಾರಿ ತೋರಿಸಿದ.

ಆ ಮನೆಯ ಹಿರಿಯರ ಹೆಸರು ಇಲ್ಲಿ ಬೇಡ. ಅವರಿಗೆ ಅದು ಬೇಕಾಗಿಯೂ ಇಲ್ಲ. ವಯಸ್ಸು ಎಪ್ಪತ್ತರ ಮೇಲೆ. ಮುಂಜಗಲಿಯ ಒಂದು ಬದಿಯಲ್ಲಿ ಗುಂಡಿಮಗ್ಗ. ಗೋಣಿ ಬಿಚ್ಚಿ ನಮ್ಮ ಹಲಗೆಯನ್ನು ಮುಂದಿಟ್ಟೆವು. ಅವರು ಅದನ್ನು ಮೂಸಿದರು, ಉಗುರಿನಿಂದ ಕೆರೆದರು, ಬೆಳಕಿಗೆ ಹಿಡಿದರು.

‘ಬಿಸಿನೀರಾಗ ಹಾಕಿದ್ರೇನು?’

ಹೌದೆಂದೆವು.

‘ಸೋಪು?’

ಅದಕ್ಕೂ ಹೌದೆಂದೆವು. ಯಂತ್ರದ ಮಾತು ನಾವೇ ಹೇಳಿದೆವು, ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಒಳಗಿನಿಂದ ಅವರ ಹೆಂಡತಿ ಬಂದು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅಜ್ಜ ನಗಲಿಲ್ಲ.

‘ಇದು ಮರಿ ಉಣ್ಣೆದು, ಸ್ವಾಮಿ. ದೊಡ್ಡ ಕುರಿದಾಗಿದ್ರೆ ಇಷ್ಟು ಕುಗ್ತಿರಲಿಲ್ಲ. ಮೆತ್ತಗಿರೋದೇ ಬೇಗ ಗಂಟು ಬೀಳೋದು. ಇಂಥಾದ್ದು ನಾನು ನೇಯ್ದು ಎಷ್ಟೋ ವರ್ಷ ಆತು.’

ಅಟ್ಟದಲ್ಲಿ ಬೂಷ್ಟು ಹಿಡಿದು ಬಿದ್ದಿದ್ದದ್ದು ಸಾಧಾರಣ ಕಂಬಳಿಯಲ್ಲವೆಂದು ನಮಗೆ ಆಗ ತಿಳಿಯಿತು. ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸುವ ಉಣ್ಣೆ ಬಹಳ ಮೃದು. ಆಮೇಲಿನ ಕತ್ತರಿಯಲ್ಲಿ ಅದು ಮತ್ತೆ ಸಿಗುವುದಿಲ್ಲ. ಒಂದು ಮರಿಯಿಂದ ಬರುವುದು ಕಾಲು ಕಿಲೋದಷ್ಟು. ಒಂದು ಕಂಬಳಿಗೆ ಹತ್ತು ಹನ್ನೆರಡು ಮರಿಗಳಾದರೂ ಬೇಕು. ಅಜ್ಜ ಅಂದು ಎಷ್ಟು ಹಣ ಕೊಟ್ಟರೋ ತಿಳಿಯದು. ನಾವು ಅದನ್ನು ಕೆಡಿಸಲು ತೆಗೆದುಕೊಂಡದ್ದು ನಲವತ್ತು ನಿಮಿಷ.

ಸರಿ ಮಾಡಲಾದೀತೇ ಎಂದು ಕೇಳಿದೆವು. ‘ಹಾಲು ಹೆಪ್ಪಾದ ಮ್ಯಾಲೆ ಹಾಲು ಕೇಳ್ತೀರಲ್ಲ’ ಎಂದರು. ಅಲ್ಲಿಗೆ ಆ ವಿಚಾರ ಮುಗಿಯಿತು. ಆದರೆ ಊಟ ಮಾಡದೆ ಹೋಗಕೂಡದೆಂದರು. ರೊಟ್ಟಿ ಬೇಯುವ ವರೆಗೆ ಮಗ್ಗದ ಬಳಿ ಕುಳಿತು ಕೇಳಿದ್ದನ್ನೂ ಕಂಡದ್ದನ್ನೂ ಬರೆದುಕೊಂಡೆವು.

ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮೊದಲು ಕುರಿಯನ್ನು ಹಳ್ಳದಲ್ಲೋ ಕೆರೆಯಲ್ಲೋ ಈಜಾಡಿಸಿ ತೊಳೆಯುವುದು, ಮೈ ಆರಿದ ಮೇಲೆ ಕಾಲು ಕಟ್ಟಿ ಕತ್ತರಿಯಾಡಿಸುವುದು. ಕಂದು, ಕಪ್ಪು, ಬೂದು ಬೇರೆ ಬೇರೆ ಇಡಬೇಕು. ಬಣ್ಣ ಹಾಕುವ ಪದ್ಧತಿಯಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಆಮೇಲೆ ಕಸ ಆರಿಸಿ, ಬಿಲ್ಲಿನ ಹೆದೆಗೆ ತಾಗಿಸಿ ಹಿಂಜಿ, ಹಂಜಿ ಮಾಡಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಆ ಮನೆಯ ಅಮ್ಮ ನೂಲುವಾಗ ನಮ್ಮೊಡನೆ ಮಾತಾಡುತ್ತಲೇ ಇದ್ದರು. ನೂಲು ಒಮ್ಮೆಯೂ ತುಂಡಾಗಲಿಲ್ಲ. ‘ನಾನು ಬಿಟ್ರೆ ಈ ಓಣ್ಯಾಗ ಇನ್ನೊಬ್ಬಾಕಿ ಅದಾಳ. ಆಕಿಗೆ ಕಣ್ಣು ಕಾಣಲ್ಲ’ ಎಂದು ರಾಟೆ ತಿರುಗಿಸುತ್ತಲೇ ಹೇಳಿದರು. ಮಗ್ಗದವರು ಇದ್ದರೂ ನೂಲುವವರಿಲ್ಲದಿದ್ದರೆ ಕಂಬಳಿಯಿಲ್ಲ. ಕೈಗಾರಿಕೆಯ ಕುರಿತು ಬರೆಯುವವರು ಮಗ್ಗದ ಲೆಕ್ಕವನ್ನೇ ಹಿಡಿಯುತ್ತಾರೆ. ರಾಟೆಯ ಲೆಕ್ಕ ಯಾರೂ ಹಿಡಿಯುವುದಿಲ್ಲವೆಂದು ನಮ್ಮ ದೂರು.

ಹಾಸಿನ ನೂಲನ್ನು ಓಣಿಯಲ್ಲಿ ಗೂಟಗಳಿಗೆ ಬಿಗಿದು ಹುಣಸೆಬೀಜದ ಸರಿ ಹಚ್ಚುತ್ತಾರೆ. ಚೆನ್ನೆಮಣೆಗೆ ಮಂಜೊಟ್ಟಿ ಸಿಗದಾಗ ಮಾತ್ರ ನಮ್ಮವರಿಗೆ ನೆನಪಾಗುವ ಹುಣಸೆಬೀಜ ಇಲ್ಲಿ ಚೀಲಗಟ್ಟಲೆ ಬೇಕು. ಬೀಜ ಹುರಿದರೆ ಸಿಪ್ಪೆ ಬಿಡುತ್ತದೆ. ಬೇಳೆಯನ್ನು ನೆನೆಹಾಕಿ, ಅರೆದು, ಕುದಿಸಿದರೆ ಅಂಟಾದ ಸರಿ. ಒರಟು ನೂಲಿನ ಮೇಲೆ ಎದ್ದು ನಿಂತ ಕೂದಲನ್ನು ಅದು ಮಲಗಿಸುತ್ತದೆ, ಎಳೆಗೆ ಬಲ ಕೊಡುತ್ತದೆ. ನೇಯ್ದಾದ ಮೇಲೆ ಕಂಬಳಿಯನ್ನು ನೆಲದ ಮೇಲೆ ಹರಡಿ ನೀರು ಚಿಮುಕಿಸಿ ಕಾಲಿನಿಂದ ತುಳಿದು, ಇನ್ನೊಮ್ಮೆ ಸರಿ ಬಳಿದು, ಬಿಸಿಲಿಗೆ ಬಿಗಿದು ಒಣಗಿಸುತ್ತಾರೆ. ‘ಅದೇ ನೀರು, ಅದೇ ತಿಕ್ಕಾಟ. ನಾವು ಎಲ್ಲಿ ನಿಲ್ಲಿಸ್ಬೇಕು ಅಂತ ಕಾಲಿಗೆ ಗೊತ್ತೈತಿ. ನಿಮ್ಮ ಮಿಷನ್ನಿಗೆ ಗೊತ್ತಿಲ್ಲ’ ಎಂದು ಅಜ್ಜ ವಿವರಿಸಿದರು. ಫೆಲ್ಟಿನ ಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾವು ಕಂಡಿಲ್ಲ.

ವರ್ಷಕ್ಕೆ ಸರಾಸರಿ 550 ಮಿಲಿಮೀಟರು ಮಳೆ ಬೀಳುವ ಆ ಜಿಲ್ಲೆಯಲ್ಲಿ ನೇಯ್ದ ಬಟ್ಟೆ 3,500 ಮಿಲಿಮೀಟರು ಬೀಳುವ ನಮ್ಮ ಜಿಲ್ಲೆಯಲ್ಲಿ ಮಳೆ ತಡೆದದ್ದು ವಿಚಿತ್ರವೇ ಸರಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರಿನ ಅಂಶವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಮೇಲಿನ ಹನಿ ಕೂದಲ ತುದಿಯಿಂದ ಜಾರಿಹೋಗುತ್ತದೆ, ಒಳಗಿನ ಮೈ ಬೆಚ್ಚಗಿರುತ್ತದೆ. ಅಲ್ಲಿನ ಕುರುಬರಿಗೆ ಅದೇ ಹಾಸಿಗೆ, ಅದೇ ಕೊಡೆ, ಅದೇ ನೆರಳು. ಬೀರಪ್ಪನ, ಮೈಲಾರನ ಪೂಜೆಯಲ್ಲಿ ಅದೇ ಗದ್ದಿಗೆ. ಮೈಲಾರಲಿಂಗನ ಗೊರವರು ಕರಿಕಂಬಳಿ ತೊಟ್ಟಿರುವುದನ್ನು ನಮ್ಮ ವಾಚಕರಲ್ಲಿ ಹಂಪೆ, ಹರಪನಹಳ್ಳಿಯ ಕಡೆ ಹೋಗಿಬಂದವರು ಕಂಡಿರಬಹುದು.

ಕುರಿಯೇ ಬದಲಾದರೆ?

ಊಟಕ್ಕೆ ಕುಳಿತಾಗ ಮಗ ಬಂದ. ಪೇಟೆಯಲ್ಲಿ ಪ್ಯಾಂಟು ಹೊಲಿಯುತ್ತಾನೆ. ತಂದೆಯ ಕೆಲಸ ಏಕೆ ಹಿಡಿಯಲಿಲ್ಲವೆಂದು ಕೇಳುವ ಮೊದಲೇ ಅವನು ಅಂಗಳದಾಚೆಯ ಹಟ್ಟಿ ತೋರಿಸಿದ. ಅಲ್ಲಿದ್ದವು ಉದ್ದ ಕಾಲಿನ, ಕಂದು ಬಣ್ಣದ, ಮೇಕೆಯಂಥ ಕೂದಲಿನ ಕುರಿಗಳು. ನೆಲ್ಲೂರಿನ ತಳಿ. ಮಾಂಸಕ್ಕೆ ಒಳ್ಳೆಯದು, ಬೇಗ ತೂಕ ಬರುತ್ತದೆ, ಮೈಯಲ್ಲಿ ಉಣ್ಣೆಯೇ ಇಲ್ಲ. ಕಪ್ಪು ಉಣ್ಣೆಯ ದಖನಿ ಮತ್ತು ಬಳ್ಳಾರಿ ಕುರಿಗಳ ಜಾಗಕ್ಕೆ ಇವು ಬಂದು ಸೇರುತ್ತಿರುವುದು ಆಂಧ್ರ, ತೆಲಂಗಾಣಗಳ ಹಲವು ಕಡೆಗಳಲ್ಲಿ ಕಂಡುಬಂದ ಸಂಗತಿ. ತಳಿ ಬೆರೆತ ಹಾಗೆ ಉಣ್ಣೆ ತೆಳ್ಳಗಾಗುತ್ತದೆ, ಕೊನೆಗೆ ಇಲ್ಲವಾಗುತ್ತದೆ.

ತಪ್ಪು ಯಾರದೆಂದು ಹೇಳುವುದು ಸುಲಭವಲ್ಲ. ಕುರಿ ಕತ್ತರಿಸುವವನ ಕೂಲಿ ಉಣ್ಣೆಯ ಬೆಲೆಗಿಂತ ಹೆಚ್ಚಾಗಿದೆ. ಕತ್ತರಿಸಿದ ಉಣ್ಣೆಯನ್ನು ಹೊಲದ ಬದುವಿಗೆ ಎಸೆದು ಬರುವವರಿದ್ದಾರೆ. ಕಾರ್ಖಾನೆಯವರಿಗೆ ಇದು ಬೇಡ. ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಾದರೆ ದಖನಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಮೈಗೆ ಚುಚ್ಚುವ ಈ ಬಟ್ಟೆಯಿಂದ ಶಾಲು ಆಗದು, ಸ್ವೆಟರು ಆಗದು. ಈಚೆಗೆ ಕೆಲವು ನಗರಗಳಲ್ಲಿ ಇದೇ ಒರಟು ಉಣ್ಣೆಯಿಂದ ಫೆಲ್ಟ್ ಮಾಡಿ ಚೀಲ, ಚಪ್ಪಲಿ, ನೆಲಹಾಸು ತಯಾರಿಸುವ ಪ್ರಯತ್ನ ನಡೆದಿದೆ. ಒಳ್ಳೆಯದೇ. ಅದರೆ ಅಂಥ ಒಂದು ಚೀಲದ ಬೆಲೆಯ ಮಾತು ಬಂದಾಗ ಆ ಮಗ ತಂದೆಯ ಮುಖ ನೋಡಿದ ರೀತಿ ನಮಗೆ ಮರೆಯದು. ಅವನ ಮಾತಿನಲ್ಲಿ ಕಹಿಯಿರಲಿಲ್ಲ: ‘ಪ್ಯಾಂಟಿಗೆ ವಾರಕ್ಕೊಮ್ಮೆ ಪಗಾರ ಐತ್ರೀ. ಕಂಬ್ಳಿಗೆ ಯಾವಾಗ ಅಂತ ಕುರಿಗೂ ಗೊತ್ತಿಲ್ಲ.’

ಅವನ ಮಗಳು ತೆಲುಗು ಶಾಲೆಗೆ ಹೋಗುತ್ತಾಳೆ. ಮಗ್ಗದ ಭಾಗಗಳ ಹೆಸರನ್ನು ಅಜ್ಜ ಒಂದೊಂದಾಗಿ ನಮಗೆ ಹೇಳಿ ಬರೆಸುವಾಗ ಆ ಮಗುವೂ ಬಾಗಿಲಲ್ಲಿ ನಿಂತು ಕೇಳುತ್ತಿತ್ತು. ಹಾಸು, ಹೊಕ್ಕು, ಲಾಳಿ, ಕುಂಚ, ಕದಿರು. ಮನೆಯಲ್ಲಿ ಅವರು ಆಡುವುದು ಕನ್ನಡ, ಸಂತೆಯಲ್ಲಿ ತೆಲುಗು. ಎರಡಕ್ಕೂ ಸಮಯ ಸಂದರ್ಭ ತಿಳಿದಿದೆ. ಮಂಜೇಶ್ವರ, ಕುಂಬಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಕಲ್ಯಾಣದುರ್ಗದ ದಾರಿಯಾಗಿ ಮಡಕಶಿರೆಗೆ ಬಸ್ಸು ಹಿಡಿದೆವು. ನಡುವೆ ಕರ್ನಾಟಕದ ಪಾವಗಡ ತಾಲೂಕು ಆಂಧ್ರದ ಹೊಟ್ಟೆಯೊಳಗೆ ಸಿಕ್ಕಿಕೊಂಡಿದೆ. ಅತ್ತ ಮಡಕಶಿರಾ ಕರ್ನಾಟಕದ ಹೊಟ್ಟೆಯೊಳಗಿದೆ. ಗಡಿ ಎಳೆದವರು ಯಾವ ಕತ್ತರಿ ಹಿಡಿದಿದ್ದರೋ! ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಗಳಲ್ಲಿ ಕನ್ನಡ ಕಿವಿತುಂಬ ಕೇಳುತ್ತದೆ. ಅಮರಾಪುರದ ಬಳಿಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಸಿದ್ಧೇಶ್ವರ ಲಿಂಗರೂಪನಲ್ಲ, ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಗುಡಿಗಳನ್ನು ನೋಡಿದ ಸಂತೋಷ ದೊಡ್ಡದು, ಅದನ್ನು ಬೇರೆಯೇ ಬರೆಯಬೇಕು.

ಕಂಬಳಿಯ ಮಟ್ಟಿಗೆ ಮಡಕಶಿರೆಯ ಕಡೆ ನಮಗೆ ಮಗ್ಗ ಕಾಣಿಸಲಿಲ್ಲ. ಕಂಬಳಿ ಹೊದ್ದವರು ಕಾಣಿಸಿದರು. ಹಿಪ್ಪುನೇರಳೆ ತೋಟಗಳ ಆಚೆ ಮಂದೆ ಬಿಟ್ಟುಕೊಂಡು ನಿಂತಿದ್ದ ಒಬ್ಬ ಮುದುಕ ಹೆಗಲ ಕಂಬಳಿ ಹಾಸಿ ನಮ್ಮನ್ನು ಕೂರಿಸಿದ. ಅದರ ಅಂಚು ಕಿತ್ತಲ್ಲೆಲ್ಲ ಬಿಳಿದಾರದಲ್ಲಿ ಹೊಲಿಗೆ ಹಾಕಿದ್ದ. ಎಷ್ಟು ವರ್ಷದ್ದೆಂದು ಕೇಳಿದರೆ, ‘ನಮ್ಮಪ್ಪಂದು’ ಎಂದ. ಒಗೆಯುವುದು ಹೇಗೆ? ‘ಇದನ್ಯಾಕೆ ಒಗೀತಾರೆ?’ ಎಂದು ನಮ್ಮನ್ನೇ ಕೇಳಿದ.

ನಮ್ಮ ಊರಲ್ಲಿ ಕಾಪಾಡುವುದು

ಆದರೆ ಮುದುಕನ ಮಾತು ಆ ಒಣ ನೆಲಕ್ಕೆ ಸರಿ, ನಮ್ಮ ಆಷಾಢಕ್ಕೆ ಸಾಲದು. ನಮ್ಮಲ್ಲಿ ಬೂಷ್ಟು, ನುಸಿ ಎರಡೂ ಇವೆ. ರಾಯದುರ್ಗದಲ್ಲಿ ಕೇಳಿದ್ದನ್ನೂ ಆಮೇಲೆ ವಿಚಾರಿಸಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ, ಮೊದಲನೆಯದಾಗಿ ಕಂಬಳಿಯನ್ನು ಒಗೆಯುವುದಕ್ಕಿಂತ ಬಿಸಿಲಿಗೆ ಹಾಕಿ ಕೋಲಿನಿಂದ ಮೆಲ್ಲನೆ ಬಡಿಯುವುದು ಲೇಸು. ಉಣ್ಣೆ ವಾಸನೆಯನ್ನು ಹತ್ತಿಯಷ್ಟು ಹಿಡಿದಿಡುವುದಿಲ್ಲ, ಗಾಳಿಯೇ ಅರ್ಧ ಒಗೆತ. ಒಗೆಯಲೇಬೇಕಾದರೆ ತಣ್ಣೀರು, ಅಂಟುವಾಳದ ನೊರೆ. ಸೋಡಾ ಬೆರೆತ ಸಾಬೂನು ಉಣ್ಣೆಯನ್ನು ತಿನ್ನುತ್ತದೆ. ಹತ್ತು ನಿಮಿಷ ನೆನೆಸಿ ಅಂಗೈಯಿಂದ ಒತ್ತಿ ಕೊಳೆ ಬಿಡಿಸಬೇಕು; ಕಲ್ಲಿಗೆ ಬಡಿಯುವುದು, ತಿಕ್ಕುವುದು, ಹಿಂಡುವುದು ಯಾವುದೂ ಕೂಡದು. ಹಳೆಯ ಪಂಚೆಯಲ್ಲಿ ಸುತ್ತಿ ನೀರು ಹೀರಿಸಿ, ನೆರಳಲ್ಲಿ ಮಂಚದ ಮೇಲೆ ಹರಡಿ ಒಣಗಿಸಬೇಕು. ಒದ್ದೆ ಉಣ್ಣೆ ಬಹಳ ಭಾರ. ಹಗ್ಗದಲ್ಲಿ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಆಕಾರ ಕೆಡುತ್ತದೆ. ಒಗೆದರೆ ಹುಣಸೆಯ ಸರಿ ಹೋಗುತ್ತದೆಂಬುದು ನೆನಪಿರಲಿ. ಮಳೆಗೆ ಬೇಕೆಂದರೆ ಮತ್ತೆ ಬಳಿಯಬೇಕು. ಬರೇ ಹಾಸಲಿಕ್ಕಾದರೆ ಸರಿಯಿಲ್ಲದಿರುವುದೇ ಒಳ್ಳೆಯದು, ಅಂಟಿನ ರುಚಿಗೆ ಬೆಳ್ಳಿಹುಳ ಬರುವುದುಂಟು.

ನುಸಿಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಬಟ್ಟೆ ತಿನ್ನುವುದು ಹಾರಾಡುವ ಚಿಟ್ಟೆಯಲ್ಲ, ಅದರ ಮರಿಹುಳ. ಬೆವರು, ಎಣ್ಣೆ, ಅನ್ನದ ಅಗುಳು ತಗಲಿದ ಕಡೆಯೇ ಅದಕ್ಕೆ ಪ್ರಿಯ. ಆದಕಾರಣ ಕೊಳೆಯಾದದ್ದನ್ನು ಹಾಗೆಯೇ ಮಡಚಿಟ್ಟು ನಾಲ್ಕು ನುಸಿಗುಳಿಗೆ ಎಸೆದರೆ ಪ್ರಯೋಜನವಿಲ್ಲ. ಗುಳಿಗೆಯ ಹೊಗೆ ಬಿಗಿ ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಕೆಲಸ ಮಾಡುವುದು, ಮಕ್ಕಳಿರುವ ಮನೆಯಲ್ಲಿ ಅದು ಒಳ್ಳೆಯದೂ ಅಲ್ಲ. ಒಣಗಿದ ಕಹಿಬೇವಿನ ಎಲೆ ಹಾಕಬಹುದು, ಆದರೆ ಅದೊಂದನ್ನೇ ನಂಬಬಾರದು. ತಿಂಗಳಿಗೊಮ್ಮೆ ಬಿಚ್ಚಿ ಕೊಡವುವುದೇ ದೊಡ್ಡ ಮದ್ದು. ಸಂಗ್ರಹಾಲಯಗಳಲ್ಲಿ ಹುಳ ಬಿದ್ದ ಉಣ್ಣೆಯನ್ನು ಬಿಗಿಯಾಗಿ ಕಟ್ಟಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದೆರಡು ವಾರ ಇಡುತ್ತಾರೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಿಂದೆ ಒಲೆಯ ಮೇಲಣ ಅಟ್ಟದಲ್ಲಿ ಕೊಬ್ಬರಿಯ ಜೊತೆಗೇ ಕಂಬಳಿಯೂ ಇರುತ್ತಿತ್ತು. ಹೊಗೆ, ಶಾಖ ಎರಡೂ ತಾಗಿ ಹುಳವೂ ತೇವವೂ ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸಿನ ಒಲೆ ಬಂತು, ಅಟ್ಟ ತಣ್ಣಗಾಯಿತು. ನಮ್ಮ ಕಂಬಳಿಗೆ ಬೂಷ್ಟು ಬಂದದ್ದು ಆ ಮೇಲೆಯೇ.

ಶಾಲೆಯ ಕೈಕೆಲಸಕ್ಕೆಂದು ಮಕ್ಕಳು ಫ್ಯಾನ್ಸಿ ಅಂಗಡಿಯಿಂದ ತರುವ ಬಣ್ಣದ ಫೆಲ್ಟ್ ಹಾಳೆಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಹೆಚ್ಚಿನವು ಉಣ್ಣೆಯವಲ್ಲ, ಪಾಲಿಯೆಸ್ಟರಿನವು. ಸಂಶಯವಿದ್ದರೆ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೊಡ್ಡವರೇ ಉರಿಗೆ ತೋರಿಸಿ ನೋಡಲಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಕರಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅದಕ್ಕೆ ನುಸಿಯ ಭಯವಿಲ್ಲ, ಬಿಸಿ ಇಸ್ತ್ರಿಯ ಭಯವಿದೆ. ಬಿಸಿಪಾತ್ರೆಯ ಅಡಿಗೆ ಹಾಕಲು ಅದು ಸಲ್ಲದು. ಉಣ್ಣೆ ಸಲ್ಲುತ್ತದೆ, ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಚೆನ್ನಾಗಿ ಕಚ್ಚಿದ ಫೆಲ್ಟನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಅಂಚು ಮಡಚಿ ಹೊಲಿಯುವ ಕೆಲಸವಿಲ್ಲ. ಬರೇ ನೇಯ್ದ ಕಂಬಳಿಯನ್ನು ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆಂದೇ ಹೊಲಿಗೆ ತರಗತಿಯಲ್ಲಿ ಕಲಿಸುವ ‘ಕಂಬಳಿ ಹೊಲಿಗೆ’ ಇರುವುದು.

ನಮ್ಮ ಹಲಗೆಯ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಅಂದು ರಾಯದುರ್ಗದ ಮನೆಯಲ್ಲಿ ಊಟ ಮುಗಿದ ಮೇಲೆ ಅಜ್ಜ ಅದನ್ನು ಮತ್ತೊಮ್ಮೆ ಕೈಗೆ ತೆಗೆದುಕೊಂಡರು. ಕುರಿಯ ಕತ್ತರಿ ತರಿಸಿ, ನಮ್ಮನ್ನು ಕೇಳದೆಯೇ ನಡುವೆ ಕತ್ತರಿ ಹಾಕಿದರು. ನಮಗೆ ಎದೆ ಝಲ್ಲೆಂದಿತು. ಒಂದು ಎಳೆಯೂ ಬಿಚ್ಚಲಿಲ್ಲ. ‘ನೋಡ್ರಿ, ಕೆಟ್ಟಿಲ್ಲ ಇದು. ಬ್ಯಾರೆ ಆಗೈತಿ’ ಎಂದು ಎರಡು ತುಂಡುಗಳನ್ನು ಜೋಡಿಸಿ ದಬ್ಬಣದಲ್ಲಿ ಸುತ್ತ ಹೊಲಿದು ಕುಳಿತುಕೊಳ್ಳುವ ಗದ್ದಿಗೆ ಮಾಡಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಈಗ ಅದು ಚಾವಡಿಯಲ್ಲಿದೆ. ಸಂಜೆ ಅಮ್ಮ ಅದರ ಮೇಲೆ ಕುಳಿತು ಅಡಿಕೆ ಸುಲಿಯುತ್ತಾರೆ. ಮೊಣಕಾಲಿಗೆ ಹಿತವೆನ್ನುತ್ತಾರೆ. ಕೂದಲು ಸೀರೆಗೆ ಅಂಟುತ್ತದೆಂದೂ ಹೇಳುತ್ತಾರೆ. ಕಂಬಳಿಯಲ್ಲಿ ಉಂಡು ಕೂದಲು ಆರಿಸಿದಂತೆ ಎಂಬ ಗಾದೆ ಗೊತ್ತಿದ್ದೇ ಹೇಳುವುದು.

ಬರುವಾಗ ನಾವು ಹೊಸ ಕಂಬಳಿಯೊಂದಕ್ಕೆ ಹೇಳಿ ಬಂದೆವು, ಮರಿ ಉಣ್ಣೆಯದೇ ಬೇಕೆಂದು. ಮುಂಗಡ ಕೊಟ್ಟರೆ ಬೇಡವೆಂದರು. ಉಣ್ಣೆ ಸಿಕ್ಕಿದರೆ ನೋಡೋಣ ಎಂದರು. ತಮ್ಮ ಹಟ್ಟಿಯಲ್ಲಿ ಕರಿಕುರಿಯಿಲ್ಲದ್ದರಿಂದ ಸುತ್ತಿನ ಹಳ್ಳಿಗಳ ಮಂದೆಗಳನ್ನು ಕೇಳಬೇಕಲ್ಲ. ಕಳೆದ ವಾರ ಮಗನ ಫೋನಿನಿಂದ ಮಾತಾಡಿದರು. ಹಿಂದೆ ರಾಟೆಯ ಸದ್ದು ಕೇಳುತ್ತಿತ್ತು.

‘ಎಂಟು ಮರಿದು ಆಗೈತಿ ಸ್ವಾಮಿ. ಇನ್ನಾ ನಾಕು ಬೇಕು.’